‘ಮಿಸ್, ಇದು ಕೂಡೋದಾ, ಕಳೆಯೋದಾ?’: ವಾಕ್ಯರೂಪದ ಲೆಕ್ಕ ಕಲಿಸುವ ಸಮಗ್ರ ಮಾರ್ಗದರ್ಶಿ

ಹಲಗೆಯ ಮೇಲೆ ವಾಕ್ಯರೂಪದ ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಕೇಳಿಬರುವ ಪ್ರಶ್ನೆ ಇದು. ಕೇಳುವ ಮಗು ಸೋಮಾರಿಯಲ್ಲ, ದಡ್ಡನೂ ಅಲ್ಲ. ಲೆಕ್ಕ ಎಂದರೆ ಎರಡು ಅಂಕಿ ಹುಡುಕಿ ನಡುವೆ ಒಂದು ಚಿಹ್ನೆ ಹಾಕುವುದು ಎಂದು ವರ್ಷಗಟ್ಟಲೆ ಕಲಿತಿದೆ, ಅಷ್ಟೆ. ‘ಕೂಡು’ ಎಂದು ನಾವು ಉತ್ತರಿಸಿದರೆ ಆ ಲೆಕ್ಕ ಅಲ್ಲಿಗೆ ಮುಗಿಯಿತು. ಮಗು ಮಾಡಬೇಕಾಗಿದ್ದ ಕೆಲಸವನ್ನು ನಾವು ಮಾಡಿಬಿಟ್ಟೆವು, ಅದಕ್ಕೆ ಉಳಿದದ್ದು ಬರೀ ಸಂಕಲನ.

3ರಿಂದ 7ನೇ ತರಗತಿಯವರೆಗೆ ಕಲಿಸುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯಲಾಗಿದೆ. ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಅಪ್ಪ ಅಮ್ಮಂದಿರಿಗೂ ಇದು ಸಲ್ಲುತ್ತದೆ.

ತೊಡಕು ಎಲ್ಲಿದೆ ಎಂದು ಮೊದಲು ತಿಳಿಯಿರಿ

ಹದಿನೈದು ನಿಮಿಷದ ಸಣ್ಣ ಪರೀಕ್ಷೆ ಸಾಕು. ಮೂರೇ ಪ್ರಶ್ನೆ.

1. 43 − 17 = ?

2. ಅಂಗಡಿಯಲ್ಲಿ 17 ತೆಂಗಿನಕಾಯಿ ಇದ್ದವು. ಬೆಳಿಗ್ಗೆ ಲಾರಿ ಬಂದು ಇನ್ನಷ್ಟು ಇಳಿಸಿ ಹೋಯಿತು. ಈಗ 43 ಇವೆ. ಲಾರಿ ಇಳಿಸಿದ್ದೆಷ್ಟು?

3. ಒಂದು ಹಟ್ಟಿಯಲ್ಲಿ 26 ಕುರಿ, 10 ಮೇಕೆ ಇವೆ. ಅವನ್ನು ಕಾಯುವವರ ವಯಸ್ಸೆಷ್ಟು?

ಮೊದಲನೆಯದೇ ತಪ್ಪಿದರೆ ದಶಕ ಬಿಡಿಸುವುದರಲ್ಲಿ ತೊಂದರೆಯಿದೆ. ಅದನ್ನು ಕಡ್ಡಿಕಟ್ಟು ಹಿಡಿದು ಬೇರೆಯಾಗಿ ಸರಿಪಡಿಸಬೇಕು. ಮೊದಲನೆಯದು ಸರಿಯಿದ್ದು ಎರಡನೆಯದಕ್ಕೆ 60 ಎಂದು ಬರೆದಿದ್ದರೆ ಮಗುವಿಗೆ ಕಳೆಯಲು ಬರುತ್ತದೆ, ಆದರೆ ಸನ್ನಿವೇಶ ಕಣ್ಣಿಗೆ ಕಟ್ಟಿಲ್ಲ. ಅಂಥ ಮಗುವನ್ನು ಪಕ್ಕಕ್ಕೆ ಕರೆದು ಲೆಕ್ಕವನ್ನು ಗಟ್ಟಿಯಾಗಿ ಓದಿಸಿ. ಅಕ್ಷರ ಕೂಡಿಸಿ ಓದುವುದರಲ್ಲೇ ಉಸಿರು ಕಟ್ಟುತ್ತಿದ್ದರೆ ಅದು ಓದಿನ ತೊಂದರೆ. ನೀವು ಓದಿ ಹೇಳಿದ ಕೂಡಲೇ ಉತ್ತರ ಬಂದರೆ ಅನುಮಾನವೇ ಬೇಡ.

ಮೂರನೆಯ ಪ್ರಶ್ನೆಗೆ ಉತ್ತರವೇ ಇಲ್ಲ. ಆದರೂ 36 ಎಂದು ಬರೆಯುವವರು ಸಿಗುತ್ತಾರೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1980ರ ಸುಮಾರಿಗೆ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇಂಥದೇ ಪ್ರಶ್ನೆ ಕೊಟ್ಟಿದ್ದರು: ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕಪ್ತಾನನ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಅಂಕಿಗಳನ್ನು ಹೇಗೋ ಜೋಡಿಸಿ ವಯಸ್ಸು ಹೇಳಿದರು. ತರಗತಿಯಲ್ಲಿ ಕೇಳುವ ಪ್ರತಿ ಲೆಕ್ಕಕ್ಕೂ ಉತ್ತರ ಇದ್ದೇ ಇರುತ್ತದೆ, ಕೊಟ್ಟ ಅಂಕಿಗಳನ್ನೆಲ್ಲ ಬಳಸಲೇಬೇಕು ಎಂಬ ನಂಬಿಕೆ ಅಷ್ಟು ಆಳವಾಗಿ ಕೂತಿರುತ್ತದೆ. 36 ಬರೆದ ಮಕ್ಕಳನ್ನು ನೋಡಿ ನಗಬೇಡಿ, ಇತರರು ನಗಲೂ ಬಿಡಬೇಡಿ. ‘ಇದಕ್ಕೆ ಉತ್ತರ ಹೇಳೋಕಾಗಲ್ಲ’ ಎಂದ ಮಗುವಿನಿಂದ ಕಾರಣ ಹೇಳಿಸಿ, ಸಾಕು.

ಗೋಡೆಯ ಮೇಲಿನ ‘ಗುರುತಿನ ಪದ’ಗಳ ಪಟ್ಟಿ ತೆಗೆಯಿರಿ

‘ಒಟ್ಟು’ ಎಂದರೆ ಕೂಡು, ‘ಉಳಿದದ್ದು’ ಎಂದರೆ ಕಳೆ, ‘ತಲಾ’ ಎಂದರೆ ಭಾಗಿಸು. ಎಷ್ಟೋ ತರಗತಿಗಳ ಗೋಡೆಯ ಮೇಲೆ ಈ ಪಟ್ಟಿ ಇರುತ್ತದೆ. ಒಳ್ಳೆಯ ಉದ್ದೇಶದಿಂದಲೇ ಬರೆದದ್ದು. ಒಂದೇ ಹಂತದ ಲೆಕ್ಕಗಳಲ್ಲಿ ಅದು ಕೆಲಸ ಮಾಡುವುದೂ ಹೌದು, ಹಾನಿ ಇರುವುದೂ ಅಲ್ಲೇ. ವಾಕ್ಯ ಓದದೆ ಪದ ಹುಡುಕುವ ಅಭ್ಯಾಸ ಅಂಟಿಕೊಳ್ಳುತ್ತದೆ. ‘ಒಟ್ಟು 24 ತೆಂಗಿನಕಾಯಿಯನ್ನು 4 ಚೀಲಕ್ಕೆ ಸಮವಾಗಿ ತುಂಬಿದರೆ’ ಎಂಬಲ್ಲಿ ‘ಒಟ್ಟು’ ಇದೆ, ಕೂಡುವುದಿಲ್ಲ. ‘6 ಮಕ್ಕಳಿಗೆ ತಲಾ 3 ಪೆನ್ಸಿಲ್’ ಎಂಬಲ್ಲಿ ‘ತಲಾ’ ಇದೆ, ಭಾಗಿಸುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ‘ಹೆಚ್ಚು’. ‘ರವಿಯ ಹತ್ತಿರ ಲತಾಳಿಗಿಂತ 7 ಗೋಲಿ ಹೆಚ್ಚು ಇವೆ. ರವಿಯ ಹತ್ತಿರ 23 ಇದ್ದರೆ ಲತಾಳ ಹತ್ತಿರ ಎಷ್ಟು?’ 30 ಎಂಬ ಉತ್ತರ ತಪ್ಪದೆ ಬರುತ್ತದೆ. ಇಲ್ಲಿ ಮಗುವಿಗೆ ಕಲಿಸಬೇಕಾದದ್ದು ವಾಕ್ಯವನ್ನು ತಿರುಗಿಸಿ ಹೇಳುವುದು: ‘ರವಿಗೆ 7 ಹೆಚ್ಚು ಅಂದರೆ ಲತಾಳಿಗೆ 7 ಕಡಿಮೆ’. ದಿನಕ್ಕೆ ಎರಡು ನಿಮಿಷ, ಬಾಯಲ್ಲೇ, ಅಂಕಿ ಇಲ್ಲದೆ ಈ ಆಟ ಆಡಿಸಿ. ‘ಗಿರೀಶ ಮಂಜುಗಿಂತ ಎತ್ತರ. ಹಾಗಾದರೆ ಮಂಜು?’ ಎರಡು ವಾರ ನಡೆಸಿದರೆ ಹೋಲಿಕೆಯ ಲೆಕ್ಕಗಳು ಹಗುರಾಗುತ್ತವೆ.

ಪಟ್ಟಿಯ ಜಾಗದಲ್ಲಿ ಮೂರು ಪ್ರಶ್ನೆ ಬರೆದು ಹಾಕಿ: ಏನು ನಡೆಯಿತು? ಏನು ಗೊತ್ತಿದೆ? ಏನು ಗೊತ್ತಾಗಬೇಕು?

ಕನ್ನಡದ ವಾಕ್ಯವೇ ತೊಡಕಾಗುವಲ್ಲಿ

ಲೆಕ್ಕದ ಭಾಷೆಯನ್ನು ಭಾಷಾ ಪೀರಿಯಡ್ಡಿಗೆ ಬಿಟ್ಟರೆ ಯಾರೂ ಕಲಿಸುವುದಿಲ್ಲ. ಗಣಿತದ ಮೇಷ್ಟ್ರೇ ಕಲಿಸಬೇಕಾದ ನಾಲ್ಕು ಜಾಗಗಳಿವೆ.

ಒಂದು, ‘ಇಂದ’. ‘25ರಿಂದ 10ನ್ನು ಕಳೆ’ ಎಂದಾಗ ‘ಇಂದ’ ಹತ್ತಿದ ಸಂಖ್ಯೆ ಮೊದಲು ಬರುತ್ತದೆ: 25 − 10. ‘25ನ್ನು 5ರಿಂದ ಭಾಗಿಸು’ ಎಂದಾಗ ಅದೇ ‘ಇಂದ’ ಹತ್ತಿದ ಸಂಖ್ಯೆ ಆಮೇಲೆ ಬರುತ್ತದೆ: 25 ÷ 5. ಪ್ರತ್ಯಯ ಒಂದೇ, ಕೆಲಸ ತಿರುವುಮುರುವು. ಈ ಗೊಂದಲದಿಂದ ಪಾರಾಗಲು ಮಕ್ಕಳು ತಾವೇ ಒಂದು ಉಪಾಯ ಕಂಡುಕೊಳ್ಳುತ್ತಾರೆ: ದೊಡ್ಡ ಸಂಖ್ಯೆ ಮೊದಲು ಬರೆದುಬಿಡುವುದು. 4ನೇ ತರಗತಿಯವರೆಗೆ ಅದು ಸರಿಹೋಗುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಮುಂದೆ ‘3ನ್ನು 4ರಿಂದ ಭಾಗಿಸಿ’ ಎಂದಾಗ 4 ÷ 3 ಎಂದು ಬರೆಯುತ್ತಾರೆ. ಆಗ ಭಿನ್ನರಾಶಿ ಕಷ್ಟ ಎನ್ನುತ್ತೇವೆ, ತಪ್ಪು ಆಗಿದ್ದು ‘ಇಂದ’ದಲ್ಲಿ. 3ನೇ ತರಗತಿಯಲ್ಲೇ ಎರಡೂ ವಾಕ್ಯಗಳನ್ನು ಅಕ್ಕಪಕ್ಕ ಬರೆದು ಹುಣಸೆಬೀಜ ಇಟ್ಟು ಮಾಡಿಸಿ: ಯಾವುದರೊಳಗಿಂದ ತೆಗೆದೆವು, ಯಾವುದನ್ನು ಹಂಚಿದೆವು?

ಎರಡು, ಭಿನ್ನರಾಶಿ ಹೇಳುವ ಕ್ರಮ. ಕನ್ನಡದಲ್ಲಿ ‘ಮೂರನೇ ಎರಡು ಭಾಗ’ ಎನ್ನುತ್ತೇವೆ, ಛೇದ ಮೊದಲು ಕಿವಿಗೆ ಬೀಳುತ್ತದೆ. ಬರೆಯುವಾಗ ಅಂಶ ಮೇಲೆ. ಕೇಳಿದ ಕ್ರಮದಲ್ಲಿ ಬರೆದ ಮಗು 3/2 ಎಂದು ಬರೆಯುತ್ತದೆ. ‘ಮೂರು ಸಮಭಾಗ ಮಾಡಿ, ಎರಡು ತಗೊ’ ಎಂದು ಬಿಡಿಸಿ ಹೇಳಿಸುತ್ತ, ಮೊದಲು ಗೆರೆಯ ಕೆಳಗಿನದನ್ನು, ಆಮೇಲೆ ಮೇಲಿನದನ್ನು ಬರೆಸಿ.

ಮೂರು, ‘ಪಟ್ಟು’. ‘ಮೂರು ಪಟ್ಟು’ ಎಂದರೆ 3ರಿಂದ ಗುಣಿಸುವುದು. ‘ಮೂರು ಪಟ್ಟು ಹೆಚ್ಚು’ ಎಂಬ ಪ್ರಯೋಗವನ್ನು ತರಗತಿಯಲ್ಲಿ ಬಳಸಲೇಬೇಡಿ. ಮೂಲದ ಮೂರರಷ್ಟೋ, ಮೂಲಕ್ಕೆ ಇನ್ನೂ ಮೂರರಷ್ಟು ಸೇರಿಸಬೇಕೋ ಎಂಬುದು ದೊಡ್ಡವರಿಗೇ ಸ್ಪಷ್ಟವಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಒಂದರ ಮೇಲೊಂದು ಪೇರಿಸಿದ ವಾಕ್ಯ. ಇದನ್ನು ನೋಡಿ:

‘ಕೆ.ಜಿ.ಗೆ 42 ರೂಪಾಯಿಯಂತೆ 5 ಕೆ.ಜಿ. ಅಕ್ಕಿಯನ್ನೂ ಅರ್ಧ ಲೀಟರಿಗೆ 70 ರೂಪಾಯಿಯಂತೆ 2 ಲೀಟರ್ ಎಣ್ಣೆಯನ್ನೂ ಕೊಂಡು 500 ರೂಪಾಯಿಯ ನೋಟು ಕೊಟ್ಟ ಗಿರಿಜಮ್ಮನಿಗೆ ಅಂಗಡಿಯವರು ಹಿಂದಿರುಗಿಸಬೇಕಾದ ಹಣವೆಷ್ಟು?’

ಯಾರು ಎಂಬುದು ತಿಳಿಯುವಷ್ಟರಲ್ಲಿ ಐದು ಸಂಖ್ಯೆ ದಾಟಿಹೋಗಿವೆ. ಮಗುವಿನ ತಲೆಯಲ್ಲಿ ಯಾವುದೂ ನಿಂತಿರುವುದಿಲ್ಲ. ಇಂಥ ವಾಕ್ಯವನ್ನು ಕೊನೆಯಿಂದ ಹಿಡಿದು ಬಿಡಿಸಲು ಕಲಿಸಿ. ಯಾರ ಕಥೆ? ಗಿರಿಜಮ್ಮ. ಏನು ಮಾಡಿದರು? ನೋಟು ಕೊಟ್ಟರು. ಅದಕ್ಕೂ ಮೊದಲು? ಅಕ್ಕಿ, ಎಣ್ಣೆ ಕೊಂಡರು. ಪ್ರತಿ ಉತ್ತರವನ್ನೂ ಒಂದೊಂದು ಸಣ್ಣ ವಾಕ್ಯವಾಗಿ ಬೇರೆ ಬೇರೆ ಸಾಲಿನಲ್ಲಿ ಬರೆಸಿ. ಹಾಗೆ ಬರೆದಾಗ ‘ಅರ್ಧ ಲೀಟರಿಗೆ 70’ ತಾನಾಗಿ ಎದ್ದು ಕಾಣುತ್ತದೆ. ಬಿಡಿಸದೆ ಮಾಡಿದವರು ಎಣ್ಣೆಗೆ 2 × 70 = 140 ಎಂದು ಹಿಡಿದು 150 ರೂಪಾಯಿ ಚಿಲ್ಲರೆ ಕೊಡಿಸುತ್ತಾರೆ. ಬಿಡಿಸಿದವರಿಗೆ ಅಕ್ಕಿ 210, ಎಣ್ಣೆ 280, ಚಿಲ್ಲರೆ 10 ರೂಪಾಯಿ ಎಂದು ಸಿಗುತ್ತದೆ.

ಕೊಡುಕೊಳ್ಳುವಿಕೆಯ ಲೆಕ್ಕಗಳನ್ನು ಕನ್ನಡದಲ್ಲಿ ಕಟ್ಟುವ ಪರಂಪರೆ ಹಳೆಯದು. 12ನೇ ಶತಮಾನದಲ್ಲೇ ರಾಜಾದಿತ್ಯ ವ್ಯವಹಾರದ ಗಣಿತವನ್ನು ಕನ್ನಡದಲ್ಲಿ ಬರೆದ. ಕೊಳ್ಳುವುದು, ಹಂಚುವುದು, ಅಳೆಯುವುದಕ್ಕೆ ಬೇಕಾದ ಮಾತುಗಳೆಲ್ಲ ನಮ್ಮಲ್ಲಿವೆ. ಪಠ್ಯದ ಸಾಲು ಗಡುಸಾಗಿದ್ದರೆ ಧೈರ್ಯವಾಗಿ ಸಣ್ಣ ವಾಕ್ಯಗಳಲ್ಲಿ ಹೇಳಿಕೊಡಿ, ಆಮೇಲೆ ಪಠ್ಯದ ಸಾಲಿಗೆ ಮರಳಿ. ಪರೀಕ್ಷೆಯಲ್ಲಿ ಬರುವುದು ಆ ಸಾಲೇ ಆದ್ದರಿಂದ ಅದನ್ನು ಪೂರ್ತಿ ಕೈಬಿಡುವಂತಿಲ್ಲ.

ಒಂದು ಲೆಕ್ಕಕ್ಕೆ ಒಂದು ಪೀರಿಯಡ್

ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲಿ ಹೇಳಿದ ನಾಲ್ಕು ಹೆಜ್ಜೆಗಳು ಬಿ.ಎಡ್. ಓದಿದವರಿಗೆಲ್ಲ ಬಾಯಿಪಾಠ: ಸಮಸ್ಯೆಯನ್ನು ಅರ್ಥಮಾಡಿಕೊ, ಯೋಜನೆ ಹಾಕು, ಅದರಂತೆ ಮಾಡು, ಹಿಂದಿರುಗಿ ನೋಡು. ಹತ್ತು ಲೆಕ್ಕ ಮುಗಿಸುವ ಆತುರದಲ್ಲಿ ಸಮಯವೆಲ್ಲ ಮೂರನೆಯ ಹೆಜ್ಜೆಗೆ ಹೋಗುತ್ತದೆ. ವಾರಕ್ಕೆ ಒಂದು ಪೀರಿಯಡ್ಡಾದರೂ ಒಂದೇ ಲೆಕ್ಕಕ್ಕೆ ಇಡಿ. 40 ನಿಮಿಷ ಹೇಗೆ ಸಾಗಬೇಕು ಎಂಬುದಕ್ಕೆ 5ನೇ ತರಗತಿಗೆ ಹೊಂದುವ ಒಂದು ಲೆಕ್ಕ:

ಅಂಗಳದಲ್ಲಿ ಕುರಿಗಳೂ ಕೋಳಿಗಳೂ ಇವೆ. ತಲೆ ಎಣಿಸಿದರೆ 20. ಕಾಲು ಎಣಿಸಿದರೆ 56. ಕುರಿ ಎಷ್ಟು? ಕೋಳಿ ಎಷ್ಟು?

ಮೊದಲ 5 ನಿಮಿಷ: ಅಂಕಿಗಳನ್ನೂ ಪ್ರಶ್ನೆಯನ್ನೂ ಬರೆಯಬೇಡಿ. ‘ಅಂಗಳದಲ್ಲಿ ಕುರಿಗಳೂ ಕೋಳಿಗಳೂ ಇವೆ. ತಲೆ ಎಣಿಸಿದೆವು. ಕಾಲೂ ಎಣಿಸಿದೆವು.’ ಇಷ್ಟೇ. ‘ತಲೆ ಹೆಚ್ಚಿರುತ್ತಾ, ಕಾಲಾ?’, ‘ಕಾಲಿನ ಲೆಕ್ಕ ಬೆಸಸಂಖ್ಯೆ ಬರಬಹುದಾ?’ ಎಂದು ಕೇಳಿ. ಅಂಕಿ ಇಲ್ಲದ ಕಾರಣ ಕೂಡಲು ಏನೂ ಇರುವುದಿಲ್ಲ, ಯೋಚಿಸದೆ ಬೇರೆ ದಾರಿಯಿಲ್ಲ. ಈ ಐದು ನಿಮಿಷವನ್ನು ಎಂದೂ ಉಳಿತಾಯ ಮಾಡಬೇಡಿ.

ಮುಂದಿನ 5 ನಿಮಿಷ: 20 ಮತ್ತು 56 ಬರೆದು ಅಂದಾಜು ಕೇಳಿ. ಎಲ್ಲವೂ ಕೋಳಿಯಾಗಿದ್ದರೆ 40 ಕಾಲು, ಎಲ್ಲವೂ ಕುರಿಯಾಗಿದ್ದರೆ 80. 56 ಯಾವುದಕ್ಕೆ ಹತ್ತಿರ? ಹಾಗಾದರೆ ಯಾವುದು ಜಾಸ್ತಿ? ಲೆಕ್ಕ ಮಾಡುವ ಮೊದಲೇ ಕೋಳಿ ಹೆಚ್ಚು ಎಂಬುದು ತರಗತಿಗೆ ಗೊತ್ತಾಗಿರುತ್ತದೆ.

13 ನಿಮಿಷ: ಮಕ್ಕಳ ಕೆಲಸ. ಮೊದಲ ಮೂರು ನಿಮಿಷ ಒಬ್ಬೊಬ್ಬರೇ, ಮಾತಿಲ್ಲ. ಆಮೇಲೆ ಇಬ್ಬಿಬ್ಬರು. ಮೊದಲೇ ಜೋಡಿ ಮಾಡಿದರೆ ಚುರುಕಾದ ಮಗು ಬರೆಯುತ್ತದೆ, ಇನ್ನೊಂದು ನೋಡುತ್ತದೆ. ನೀವು ಸಾಲುಗಳ ನಡುವೆ ನಡೆದಾಡಿ, ಆದರೆ ಮಗುವಿನ ಕೈಯಿಂದ ಪೆನ್ಸಿಲ್ ತೆಗೆದುಕೊಳ್ಳಬೇಡಿ. ನಿಂತುಹೋದವರಿಗೆ ಕೊಡುವ ಸುಳಿವುಗಳನ್ನು ಮೊದಲೇ ಬರೆದಿಟ್ಟುಕೊಂಡು ಸಣ್ಣದರಿಂದ ದೊಡ್ಡದಕ್ಕೆ ಹೋಗಿ. ‘ಚಿತ್ರ ಬರೆದು ನೋಡು’. ಅದು ಸಾಲದಿದ್ದರೆ ‘20 ತಲೆ ಬರಿ. ಪ್ರತಿಯೊಂದಕ್ಕೂ ಕನಿಷ್ಠ ಎಷ್ಟು ಕಾಲು ಇರಲೇಬೇಕು?’. ಕೊನೆಗೆ ‘ಎಷ್ಟು ಕಾಲು ಮಿಕ್ಕವು? ಅವು ಯಾರವು?’. ಒಂದು ಸುಳಿವು ಕೊಟ್ಟ ಮೇಲೆ ಆ ಜೋಡಿಯ ಮುಂದೆ ನಿಲ್ಲಬೇಡಿ, ಮುಂದಕ್ಕೆ ಹೋಗಿ. ನಿಂತರೆ ಅವರು ಲೆಕ್ಕ ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತಾರೆ.

12 ನಿಮಿಷ: ಹಲಗೆಯ ಮೇಲೆ ಮೂರು ದಾರಿ. ನಡೆದಾಡುವಾಗಲೇ ಯಾರು ಯಾವ ದಾರಿ ಹಿಡಿದಿದ್ದಾರೆ ಎಂದು ಗುರುತು ಹಾಕಿಕೊಂಡು ಈ ಕ್ರಮದಲ್ಲಿ ಕರೆಯಿರಿ. ಮೊದಲು ಚಿತ್ರ: 20 ಸೊನ್ನೆ, ಪ್ರತಿಯೊಂದಕ್ಕೂ 2 ಗೆರೆ, 40 ಆಯಿತು. ಮಿಕ್ಕ 16 ಗೆರೆಗಳನ್ನು ಎರಡೆರಡಾಗಿ ಸೇರಿಸುತ್ತ ಹೋದರೆ 8 ಸೊನ್ನೆಗೆ ನಾಲ್ಕು ಕಾಲು ಬರುತ್ತವೆ. ಆಮೇಲೆ ಊಹೆಯ ಕೋಷ್ಟಕ: 10 ಕುರಿ, 10 ಕೋಳಿ ಎಂದರೆ 60 ಕಾಲು, 4 ಜಾಸ್ತಿ. ಒಂದು ಕುರಿ ತೆಗೆದು ಕೋಳಿ ಇಟ್ಟರೆ 2 ಕಾಲು ಇಳಿಯುತ್ತವೆ, ಆದ್ದರಿಂದ ಎರಡು ಸಲ ಬದಲಿಸಬೇಕು. ಕೊನೆಗೆ ಲೆಕ್ಕ ಹಿಡಿದವರು: (56 − 40) ÷ 2 = 8 ಕುರಿ, 12 ಕೋಳಿ. ಈಗ ಒಂದೇ ಪ್ರಶ್ನೆ: ‘ಈ 16 ಎಂಬುದು ಚಿತ್ರದಲ್ಲಿ ಎಲ್ಲಿದೆ?’ ಮಗು ಎದ್ದು ಬಂದು ಆಮೇಲೆ ಸೇರಿಸಿದ ಗೆರೆಗಳನ್ನು ತೋರಿಸಿದರೆ ಪೀರಿಯಡ್ ಸಾರ್ಥಕ. ಕ್ರಮ ತಿರುಗಿಸಿ ಜಾಣತನದ ದಾರಿಯನ್ನೇ ಮೊದಲು ಬರೆಸಿದರೆ ಚಿತ್ರ ಬರೆದವರು ತಮ್ಮ ಪುಸ್ತಕ ಮುಚ್ಚಿಕೊಳ್ಳುತ್ತಾರೆ.

ಕೊನೆಯ 5 ನಿಮಿಷ: ಲೆಕ್ಕವನ್ನು ಅಲುಗಾಡಿಸಿ. ಕಾಲು 57 ಇದ್ದರೆ? 90 ಇದ್ದರೆ? ಎರಡೂ ಅಸಾಧ್ಯ, ಆದರೆ ಕಾರಣ ಬೇರೆ ಬೇರೆ. ಮನೆಗೆ ಒಂದು ಕೊಡಿ: ನಿಲ್ದಾಣದಲ್ಲಿ ಬೈಕು, ಆಟೊ ಸೇರಿ 20 ಗಾಡಿ, 47 ಚಕ್ರ (ಸ್ಟೆಪ್ನಿ ಲೆಕ್ಕಕ್ಕಿಲ್ಲ). 7 ಆಟೊ, 13 ಬೈಕು ಬರಬೇಕು. ಇಲ್ಲಿ ಮಿಕ್ಕ ಚಕ್ರಗಳನ್ನು ಎರಡರಿಂದ ಭಾಗಿಸಬಾರದು. ಯಾಂತ್ರಿಕವಾಗಿ ಹಳೆಯ ದಾರಿ ಹಿಡಿದವರು ಮೂರೂವರೆ ಆಟೊ ತರುತ್ತಾರೆ, ಅದೇ ಮರುದಿನದ ಚರ್ಚೆ.

ಎರಡು ಮೂರು ತರಗತಿ ಒಟ್ಟಿಗೆ ಕೂರುವ ಶಾಲೆಗಳಲ್ಲಿ ಇದೇ ಲೆಕ್ಕ ಎಲ್ಲರಿಗೂ ಆಗುತ್ತದೆ. 3ನೇ ತರಗತಿಗೆ 6 ತಲೆ, 16 ಕಾಲು ಕೊಟ್ಟು ಚಿತ್ರ ಬರೆಸಿ (2 ಕುರಿ, 4 ಕೋಳಿ). 7ನೇ ತರಗತಿಯವರು ಸಮೀಕರಣ ಕಟ್ಟಲಿ. ಅವರು ಆರಿಸಿದ ಅಕ್ಷರ ನಿಲ್ಲುವುದು ಕುರಿಗಲ್ಲ, ಕುರಿಗಳ ಎಣಿಕೆಗೆ ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳಿಸಿ.

ಪಟ್ಟಿ ಎಳೆದು ಯೋಚಿಸುವುದು

ಕುರಿಯ ಚಿತ್ರ ಎಲ್ಲ ಲೆಕ್ಕಕ್ಕೂ ಆಗುವುದಿಲ್ಲ. ಹೋಲಿಕೆ ಮತ್ತು ಭಾಗದ ಲೆಕ್ಕಗಳಿಗೆ ಉದ್ದಪಟ್ಟಿಯ ಚಿತ್ರ ಚೆನ್ನ. ಸಿಂಗಪುರದ ಶಾಲೆಗಳಲ್ಲಿ 1980ರ ದಶಕದಿಂದ ಬಳಕೆಯಲ್ಲಿರುವ ಪದ್ಧತಿ ಇದು. ಇದಕ್ಕೆ ಬೇಕಾಗುವುದು ಹಳೆಯ ಪತ್ರಿಕೆ, ಕತ್ತರಿ. ಮೂರು ಸೆಂ.ಮೀ. ಅಗಲ, ಮೂವತ್ತು ಸೆಂ.ಮೀ. ಉದ್ದದ ಪಟ್ಟಿಗಳನ್ನು ಮಗುವಿಗೆ ನಾಲ್ಕರಂತೆ ಕತ್ತರಿಸಿಡಿ. ಮೊದಲ ವಾರ ಕೈಯಲ್ಲಿ ಮಡಿಸಲಿ, ಆಮೇಲೆ ಪುಸ್ತಕದಲ್ಲಿ ಗೆರೆ ಎಳೆಯಲಿ.

‘ತರಗತಿಯಲ್ಲಿ 40 ಮಕ್ಕಳು. ಹುಡುಗಿಯರು ಹುಡುಗರಿಗಿಂತ 6 ಹೆಚ್ಚು.’ ಸಾಮಾನ್ಯ ತಪ್ಪು: 40ರ ಅರ್ಧ 20, ಹುಡುಗಿಯರಿಗೆ 6 ಸೇರಿಸಿ 26, ಹುಡುಗರು 14. ಮೊತ್ತ 40 ಬರುವುದರಿಂದ ಮಗುವಿಗೆ ಅನುಮಾನವೇ ಬರದು, ಆದರೆ ವ್ಯತ್ಯಾಸ 12 ಆಗಿಹೋಗಿದೆ. ಪಟ್ಟಿಯಲ್ಲಿ ಹುಡುಗರದೊಂದು, ಅದರ ಕೆಳಗೆ ಹುಡುಗಿಯರದು ಅಷ್ಟೇ ಉದ್ದ ಮತ್ತು ಅದರಾಚೆಗೆ 6ರ ತುಂಡು. ಆ ತುಂಡನ್ನು ಹರಿದು ಪಕ್ಕಕ್ಕಿಡಿಸಿ. ಉಳಿದದ್ದು 34, ಎರಡು ಸಮಪಟ್ಟಿ, ಒಂದೊಂದು 17. ತುಂಡನ್ನು ಮತ್ತೆ ಹಚ್ಚಿದರೆ ಹುಡುಗಿಯರು 23.

ಭಿನ್ನರಾಶಿಯಲ್ಲಿ ಪಟ್ಟಿಯ ಬೆಲೆ ಇನ್ನೂ ಹೆಚ್ಚು. ‘ಮೂಟೆ ಅಕ್ಕಿಯಲ್ಲಿ ಮೂರನೇ ಒಂದು ಭಾಗ ಮೊದಲ ವಾರ ಖರ್ಚಾಯಿತು. ಉಳಿದದ್ದರಲ್ಲಿ ಅರ್ಧ ಎರಡನೇ ವಾರ. ಈಗ 16 ಕೆ.ಜಿ. ಇದೆ. ಮೂಟೆಯಲ್ಲಿ ಇದ್ದದ್ದೆಷ್ಟು?’ ಪಟ್ಟಿಯನ್ನು ಮೂರು ಮಡಿಕೆ ಮಾಡಿ ಒಂದನ್ನು ಕತ್ತರಿಸಿದರೆ ಕೈಯಲ್ಲಿ ಎರಡು ಉಳಿಯುತ್ತವೆ. ಅದರ ಅರ್ಧ ಇನ್ನೊಂದು ಮಡಿಕೆ. ಉಳಿದ ಒಂದು ಮಡಿಕೆ 16 ಕೆ.ಜಿ., ಮೂಟೆ 48. ಪಟ್ಟಿಯಿಲ್ಲದೆ ಮಾಡಿದವರು ‘ಅರ್ಧ’ವನ್ನು ಇಡೀ ಮೂಟೆಯ ಅರ್ಧ ಎಂದುಕೊಂಡು, ಉಳಿದದ್ದು ಆರನೇ ಒಂದು ಭಾಗ ಎಂದು ಹಿಡಿದು 96 ಎನ್ನುತ್ತಾರೆ. ‘ಯಾವುದರ ಅರ್ಧ?’ ಎಂಬ ಪ್ರಶ್ನೆ ಇಂಥ ಪ್ರತಿ ಲೆಕ್ಕದಲ್ಲೂ ನಿಮ್ಮ ಬಾಯಲ್ಲಿರಲಿ.

ಶೇಷವನ್ನು ಏನು ಮಾಡುವುದು

ಅಮೆರಿಕದಲ್ಲಿ 1980ರ ದಶಕದ ಆರಂಭದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ 13 ವರ್ಷದ ಮಕ್ಕಳಿಗೆ ಕೇಳಿದ ಪ್ರಶ್ನೆ: ಒಂದು ಬಸ್ಸಿನಲ್ಲಿ 36 ಸೈನಿಕರು ಹಿಡಿಯುತ್ತಾರೆ, 1128 ಸೈನಿಕರಿಗೆ ಎಷ್ಟು ಬಸ್ಸು ಬೇಕು? ಭಾಗಾಕಾರವನ್ನು ಸುಮಾರು 70 ಶೇಕಡಾ ಮಕ್ಕಳು ಸರಿಯಾಗಿ ಮಾಡಿದರು. 32 ಬಸ್ಸು ಎಂದವರು 23 ಶೇಕಡಾ ಮಾತ್ರ. 29 ಶೇಕಡಾ ಮಂದಿ ‘31, ಶೇಷ 12’ ಎಂದೇ ಬರೆದಿದ್ದರು.

ನಮ್ಮ ಮಕ್ಕಳಿಗೆ ಬಿಸಿಯೂಟದ ಮೊಟ್ಟೆಯೇ ಸಾಕು. 130 ಮಕ್ಕಳು, ತಲೆಗೊಂದು ಮೊಟ್ಟೆ, ಒಂದು ಟ್ರೇಯಲ್ಲಿ 30. ಭಾಗಿಸಿದರೆ ಭಾಗಲಬ್ಧ 4, ಶೇಷ 10. ಈ ಒಂದೇ ಭಾಗಾಕಾರಕ್ಕೆ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಟ್ರೇ ತರಬೇಕು? 5. ಎಷ್ಟು ಟ್ರೇ ಪೂರ್ತಿ ಖಾಲಿಯಾಗುತ್ತವೆ? 4. ಕೊನೆಯ ಟ್ರೇಯಿಂದ ಎಷ್ಟು ತೆಗೆಯುತ್ತೇವೆ? 10. ನಾಳೆಗೆ ಎಷ್ಟು ಉಳಿಯುತ್ತವೆ? 20. ಲೆಕ್ಕ ಒಂದೇ, ಉತ್ತರ ನಾಲ್ಕು. ಉತ್ತರ ಕೊಡುವುದು ಭಾಗಾಕಾರವಲ್ಲ, ಪ್ರಶ್ನೆ ಎಂಬುದು ಮಕ್ಕಳಿಗೆ ಇಲ್ಲಿ ಹತ್ತುತ್ತದೆ.

ಅಂಕ ಕೊಡುವ ಬಗೆ

ಉತ್ತರಕ್ಕಷ್ಟೇ ಅಂಕ ಕೊಟ್ಟರೆ ಮಕ್ಕಳು ಉತ್ತರವನ್ನಷ್ಟೇ ಹುಡುಕುತ್ತಾರೆ, ಪಕ್ಕದವರ ಪುಸ್ತಕದಲ್ಲಾದರೂ ಸರಿ. ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನದಲ್ಲೂ ಹಂತಗಳಿಗೆ ಅಂಕವಿದೆ. ಕಿರಿಯ ತರಗತಿಯಲ್ಲಿ ನಾಲ್ಕು ಅಂಕದ ಲೆಕ್ಕವನ್ನು ಹೀಗೆ ಹಂಚಿ: ಸನ್ನಿವೇಶದ ಚಿತ್ರ ಅಥವಾ ಸಣ್ಣ ವಾಕ್ಯಗಳಿಗೆ 1, ಯಾವ ಕ್ರಿಯೆ ಮತ್ತು ಏಕೆ ಎಂಬುದಕ್ಕೆ 1, ಲೆಕ್ಕಕ್ಕೆ 1, ಉತ್ತರವನ್ನು ಪೂರ್ಣ ವಾಕ್ಯದಲ್ಲಿ ಏಕಮಾನದೊಂದಿಗೆ ಬರೆದು ತಾಳೆ ನೋಡಿದ್ದಕ್ಕೆ 1. ತಾಳೆ ನೋಡುವುದೆಂದರೆ ಅದೇ ಲೆಕ್ಕವನ್ನು ಮತ್ತೊಮ್ಮೆ ಮಾಡುವುದಲ್ಲ, ಉತ್ತರವನ್ನು ಕಥೆಯೊಳಗೆ ಇಟ್ಟು ನೋಡುವುದು: 8 ಕುರಿಗೆ 32 ಕಾಲು, 12 ಕೋಳಿಗೆ 24, ಸೇರಿ 56.

ಮೊದಲ ತಿಂಗಳು ಮಕ್ಕಳು ನಿಧಾನವಾಗುತ್ತಾರೆ, ಪಾಠ ಹಿಂದೆ ಬಿತ್ತು ಎನಿಸುತ್ತದೆ. ಅಭ್ಯಾಸದ ಲೆಕ್ಕಗಳನ್ನು ಆಗ ನಿಲ್ಲಿಸಬೇಡಿ, ಉಳಿದ ಪೀರಿಯಡ್‌ಗಳಲ್ಲಿ ಮಗ್ಗಿ, ಭಾಗಾಕಾರ ಎಂದಿನಂತೆ ನಡೆಯಲಿ. 7 × 8 ತಡವರಿಸುವ ಮಗುವಿಗೆ ಯೋಜನೆ ಹಾಕಲು ತಲೆಯಲ್ಲಿ ಜಾಗ ಉಳಿಯುವುದಿಲ್ಲ.

ಎರಡನೇ ತಿಂಗಳಿನಿಂದ ಲೆಕ್ಕ ಕಟ್ಟುವ ಕೆಲಸವನ್ನೂ ಮಕ್ಕಳಿಗೆ ಕೊಡಿ. ಹಲಗೆಯ ಮೇಲೆ ‘6 × 15 + 10’ ಎಂದು ಬರೆದು ಇದಕ್ಕೊಂದು ಕಥೆ ಕಟ್ಟಲು ಹೇಳಿ. ಒಬ್ಬರು 15 ರೂಪಾಯಿಯ ಆರು ತಟ್ಟೆ ಇಡ್ಲಿ, 10 ರೂಪಾಯಿಯ ಒಂದು ಚಹಾ ಎನ್ನುತ್ತಾರೆ. ಇನ್ನೊಬ್ಬರು ಆರು ಸಾಲು ಬದನೆ ಗಿಡ, ಬದುವಿನ ಮೇಲೆ ಇನ್ನೂ ಹತ್ತು ಎನ್ನುತ್ತಾರೆ. ಚೀಟಿಯಲ್ಲಿ ಬರೆಸಿ, ಹೆಸರು ಹಾಕಿಸಿ, ಅದಲುಬದಲು ಮಾಡಿ. ಚೀಟಿ ಬಿಡಿಸಿದ ಮಗುವಿಗೆ ಕಥೆ ಅರ್ಥವಾಗದಿದ್ದರೆ ನಿಮ್ಮ ಹತ್ತಿರ ಬರುವುದು ಬೇಡ, ಬರೆದವರ ಹತ್ತಿರವೇ ಹೋಗಿ ಕೇಳಲಿ. ಬರೆದವರು ಆಗ ವಾಕ್ಯ ತಿದ್ದುತ್ತಾರೆ, ‘ತಲಾ’ ಎಂದು ಸೇರಿಸುತ್ತಾರೆ, ಬಿಟ್ಟುಹೋದ ಅಂಕಿ ಬರೆಯುತ್ತಾರೆ. ತಿದ್ದಿದ ಚೀಟಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಡಿ, ಮುಂದಿನ ವಾರದ ಒಂದು ಲೆಕ್ಕವನ್ನು ಅದರಿಂದಲೇ ಎತ್ತಿಕೊಳ್ಳಬಹುದು.